ಬೆನ್ನಿಗೆ ಬಣ್ಣ ಮೆತ್ತಿದ ಮೇಷ್ಟ್ರು

ಲೋಕವೆಲ್ಲ ಮುಂದೆ ನೋಡಿ ನಡೆಯುವಾಗ ಹಿಂದಕ್ಕೆ ನಡೆಯುವುದನ್ನೇ ಚಾಳಿ ಮಾಡಿಕೊಂಡಿದ್ದ ಒಬ್ಬರೇ ಒಬ್ಬರನ್ನು ನಾನು ಬಳ್ಳಾರಿಯಲ್ಲಿ ಕಂಡದ್ದು. ಅವರು ತಿಪ್ಪೇರುದ್ರಪ್ಪ ಮೇಷ್ಟ್ರು. ಎಪ್ಪತ್ತರ ದಶಕದಲ್ಲಿ ಸತ್ಯನಾರಾಯಣಪೇಟೆಯ ಹಳೆಯ ಹತ್ತಿ ಗೋದಾಮಿನಲ್ಲಿ ನಡೆಯುತ್ತಿದ್ದ ಸಣ್ಣ ರಂಗಶಾಲೆಯಲ್ಲಿ ರಂಗವಿನ್ಯಾಸ ಕಲಿಸುತ್ತಿದ್ದರು. ಪರದೆಯ ಮೇಲೊಂದು ಗೆರೆ ಎಳೆದರೆ ಸಾಕು, ಕಣ್ಣು ಕಿರಿದು ಮಾಡಿ, ಕತ್ತು ವಾರೆ ಮಾಡಿ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು, ಒಣಗಲು ತೂಗುಹಾಕಿದ್ದ ಇನ್ನೊಂದು ಪರದೆಗೆ ಬೆನ್ನು ತಾಗಿದಾಗಲೇ ನಿಲ್ಲುತ್ತಿದ್ದರು. ಹೀಗಾಗಿ ಅವರ ಕರಿಯ ಕೋಟಿನ ಮುಂಭಾಗ ವಕೀಲರದು, ಹಿಂಭಾಗ ಹೋಳಿಹುಣ್ಣಿಮೆಯದು. ಬೀದಿಯಲ್ಲಿಯೂ ಚೆಂದದ ಬಾಗಿಲೊಂದು ಕಣ್ಣಿಗೆ ಬಿದ್ದರೆ ಅದೇ ಕಥೆ, ಹೆಂಡತಿ ಸತ್ಯಮ್ಮ "ಹಿಂದ ಮೋರಿ ಐತಿ, ನಿಂದರ್ರಿ!" ಎಂದು ಕೂಗುವಷ್ಟರಲ್ಲಿ ಒಂದು ಕಾಲು ಮೋರಿಯೊಳಗೆ ಇರುತ್ತಿತ್ತು.

"ಕಾಗದದಾಗ ಅರಮನಿ ಯಾರಾದ್ರೂ ಕಟ್ಟತಾರ. ಗಾಳಿ ಬೀಸೋ ಬಯಲಾಗ ನಿಂದ್ರಸ್ರಿ ನೋಡೋಣು," ಎಂಬುದು ಅವರ ಪಲ್ಲವಿ. ಸಿರುಗುಪ್ಪದ ಕಡೆ ಭತ್ತದ ಕೊಯ್ಲು ಮುಗಿದು ಹಳ್ಳಿಹಳ್ಳಿಗೂ ನಾಟಕದ ಹುರುಪು ಏರುತ್ತಿದ್ದಂತೆ ರೈತರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಇವರೋ ಹೂಂ ಎಂದು, ಶಿಷ್ಯರ ಕೈಗೆ ಕುಂಚ ಕೊಟ್ಟು, ತಾವು ಬರಿಗೈಯಲ್ಲಿ ಜೊತೆಗೆ ಹೋಗುತ್ತಿದ್ದರು. ಕರೆದವರಿಗೆ ಸಿಟ್ಟು ಬರದೆ ಇರುತ್ತದೆಯೇ? ನೆರೆಮನೆಯವನಾದ ನನಗೇ ಬರುತ್ತಿತ್ತು.

ಒಂದು ವರ್ಷ ರಾರಾವಿ ಎಂಬ ಹಳ್ಳಿಯ ಸರದಿ. ನಾಟಕ ನೋಡಲು ನಾನೂ ಜೊತೆಗೆ ಹೊರಟೆ. ಮೇಷ್ಟ್ರು ಕರೆದೊಯ್ದದ್ದು ಹಂಪಕ್ಕನನ್ನು. ಸಿರುಗುಪ್ಪದ ಕೂಲಿಯವರ ಮಗಳು. ಕಲಿಕೆಯ ಕೊನೆಯ ವರ್ಷ. ಕುರುಗೋಡಿನ ನಾಟಕ ಕಂಪನಿಯ ಯಜಮಾನ ವೆಂಕಣ್ಣ ಆ ದಿನ ಬಂದು ನೋಡುವುದಾಗಿ ಹೇಳಿದ್ದ. ಕೆಲಸ ಮೆಚ್ಚಿದರೆ ಅವಳು ಕಂಪನಿಯ ರಂಗವಿನ್ಯಾಸಕಿ. ಇಲ್ಲದಿದ್ದರೆ ತಾಯಿಯ ಜೊತೆ ಮತ್ತೆ ನಾಟಿ ಹಾಕಲು ಗದ್ದೆಗೆ. ಊರ ನಾಟಕ ತಂಡದ ಹಿರಿಯ ಕಾಡಸಿದ್ದಪ್ಪ ಅವಳನ್ನು ನೋಡಿದವನೇ ಮುಖ ಗಂಟಿಕ್ಕಿದ. "ನಾವು ಕರದದ್ದು ನಿಮ್ಮನ್ನ ಮೇಷ್ಟ್ರ, ಈ ಹುಡುಗೀನ ಅಲ್ಲ."

"ಹುಡುಗಿ ಕೆಲ್ಸ ನೋಡ್ರಿ, ಆಮ್ಯಾಲ ಬಯ್ಯಿರಂತ," ಎಂದರು ಮೇಷ್ಟ್ರು.

ಹಂಪಕ್ಕ ಮೊದಲ ದೃಶ್ಯಕ್ಕೆ ಗುಡಿಯ ಪರದೆ ಬರೆದಳು. ತೆರೆದ ಬಾಗಿಲಿನೊಳಗೆ ಈಶ್ವರಲಿಂಗ, ಹಣೆಯಲ್ಲಿ ವಿಭೂತಿ, ಮುಂದೆ ಉರಿಯುವ ನಂದಾದೀಪ. ಆಹಾ, ದೀಪದ ಬಿಸಿ ಮುಖಕ್ಕೆ ತಾಗಬೇಕು, ಹಾಗಿತ್ತು! ನಾಟಕಕ್ಕೆ ಮೊದಲು ರಂಗಕ್ಕೆ ಪೂಜೆ ಮಾಡುವುದು ಊರ ಪದ್ಧತಿ. ಸಂಜೆ ಪರದೆ ಇಳಿಸಿದ್ದೇ ತಡ, ಜನ ಆ ಲಿಂಗಕ್ಕೇ ಕಾಯಿ ಒಡೆದು ಕರ್ಪೂರ ಬೆಳಗಿದರು. ಎರಡನೆಯ ದೃಶ್ಯ ಪೊಲೀಸ್ ಠಾಣೆ. ಗುಡಿಯ ಪರದೆಯನ್ನು ಮೇಲಕ್ಕೆ ಸುತ್ತಬೇಕು. ಹಂಪಕ್ಕ ಹಗ್ಗ ಪರೀಕ್ಷಿಸಲು ಕೈ ಹಾಕಿದಳೋ ಇಲ್ಲವೋ, ಕಾಡಸಿದ್ದಪ್ಪನ ತಾಯಿ ಕೊಟ್ರಬಸಮ್ಮ ಅಬ್ಬರಿಸಿದಳು: "ಮಂಗಳಾರತಿ ಆದ ಸಾಮೀನ ಚಾಪಿ ಸುತ್ತಿದಂಗ ಸುತ್ತತೀಯೇನ? ಕೈಯಾಗ ಹುಳ ಬೀಳ್ತಾವ!"

ಊರಿಗೆ ಊರೇ ಹೌದು ಹೌದು ಎಂದಿತು. ವೆಂಕಣ್ಣ ಆಗಲೇ ಬಂದು ಕೂತಿದ್ದ. ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಅವರ ಒಂದು ಮಾತಿಗೆ ಊರು ಒಪ್ಪುತ್ತಿತ್ತು, ಅಷ್ಟು ಗೌರವ. ಆ ಪುಣ್ಯಾತ್ಮ ಮಾಡಿದ್ದೇನು? ಕಣ್ಣು ಕಿರಿದು ಮಾಡಿ ಹಿಂದಕ್ಕೆ ಸರಿದು, ಸರಿದು, ಕೊನೆಯ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಸರ್, ಏನ್ ಮಾಡ್ಲಿ?" ಹುಡುಗಿಯ ಕಣ್ಣಲ್ಲಿ ನೀರು.

"ನಂಗ ಇಲ್ಲಿಂದ ಛಲೋ ಕಾಣತೈತಿ. ನಿನಗೇನ ಕಾಣತೈತಿ, ನೋಡವಾ."

ನನಗೆ ಮೈ ಉರಿದುಹೋಯಿತು. ಹಂಪಕ್ಕ ಸ್ವಲ್ಪ ಹೊತ್ತು ಪರದೆಯನ್ನೇ ದಿಟ್ಟಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನೇರ ಮುದುಕಿಯ ಮುಂದೆ ಹೋಗಿ ಕೂತಳು. "ಅವ್ವಾ, ಎಡಿ ಹಿಡಿಯೋ ಹೊತ್ತಿನಾಗ ಗುಡಿಯಾಗ ಸಾಮಿ ಮುಂದ ಪರದಿ ಎಳೀತಾರಲ್ಲ, ಅದು ತಪ್ಪೇನು?"

"ಅದ್ಯಾಕ ತಪ್ಪು? ಸಾಮಿ ಉಣ್ಣಬೇಕಲ್ಲ."

"ಹಂಗಾರ ಸಾಮೀನ ಸುತ್ತೋದು ಬ್ಯಾಡ. ಇದ್ದಲ್ಲೇ ಇರ್ಲಿ. ಠಾಣೆ ಪರದಿ ಮುಂದ ಎಳೀತೀನಿ."

ಮುದುಕಿ ಯೋಚಿಸಿದಳು. "ಎಳಿಯವಾ. ಮದ್ಲು ಎಡಿ ಇಡು ಮತ್ತ."

ಮುದುಕಿಯ ಮನೆಯಿಂದಲೇ ಹೋಳಿಗೆ ಬಂತು. ಈಶ್ವರ ಹಿಂದೆ ಉಣ್ಣುತ್ತಿರಲು ಮುಂದೆ ಠಾಣೆ, ಸಾಹುಕಾರನ ಮನೆ, ಕಾಡು ಎಲ್ಲವೂ ಬಂದು ಹೋದವು. ಕಟ್ಟಕಡೆಯ ದೃಶ್ಯದಲ್ಲಿ ಮುಂದಿನ ಪರದೆಗಳೆಲ್ಲ ಸರಿದು ಗುಡಿ ಮತ್ತೆ ಕಂಡಾಗ ಜನ ಎದ್ದು ಕೈ ಮುಗಿದರು. ವೆಂಕಣ್ಣನೂ ಎದ್ದ, ಹಂಪಕ್ಕನಿಗೆ ಕೆಲಸ ಅಲ್ಲಿಯೇ ಗಟ್ಟಿಯಾಯಿತು.

ಬಳ್ಳಾರಿಗೆ ಮರಳುವಾಗ ನಾನು ಬಸ್ಸಿನಲ್ಲಿ ಜಗಳಕ್ಕೇ ನಿಂತೆ. ಹೀಗಾಗುತ್ತದೆಂದು ನಿಮಗೆ ಗೊತ್ತಿರಲಿಲ್ಲವೇ?

"ಗೊತ್ತಿತ್ತು. ಹುಡುಗ ಇದ್ದಾಗ ಕುರುಗೋಡಿನಾಗ ನಾನೂ ಹಿಂಗ ಸಾಮೀನ ಬರದಿದ್ದೆ. ನಮ್ಮ ಗುರುಗಳು ಮುಂದ ಬಂದು ಊರವ್ರ ಕಾಲು ಹಿಡದು ಬಗಿಹರಿಸಿದ್ರು. ಬಂಗಾರದಂಥ ಮನಿಶಾ." ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. "ಆದ್ರ ಆಮ್ಯಾಲ ಎಲ್ಲಾರೂ ಅವರನ್ನ ಕರದ್ರು. ಅವರು ತೀರಿಹೋಗೋತನಕ ನನ್ನ ಹೆಸರು ಯಾರಿಗೂ ನೆಪ್ಪಿರ್ಲಿಲ್ಲ."

ಮರುವರ್ಷ ದೇಶನೂರು ಹಳ್ಳಿಯವರು ಗೋದಾಮಿನ ಬಾಗಿಲಿಗೆ ಬಂದರು. ಮೇಷ್ಟ್ರೇ ಎದುರಾದರು. "ಹಂಪಕ್ಕೋರು ಎಲ್ಲಿ ಸಿಗ್ತಾರ್ರಿ? ಅವ್ರ ಕೈಲೇ ಬರಸಬೇಕು," ಎಂದವರು ಕೋಟಿನ ಮುದುಕನನ್ನು ಮೇಲೆ ಕೆಳಗೆ ನೋಡಿ, "ನೀವ್ಯಾರ್ರಿ?" ಎಂದು ಕೇಳಿದರು. ಮೇಷ್ಟ್ರಿಗಾದ ಆನಂದವನ್ನು ನಾನೇ ಕಣ್ಣಾರೆ ಕಂಡೆ. ಹಾಗೆ ಕೇಳಿದವರನ್ನು ಕಣ್ತುಂಬ ನೋಡಲೆಂದು ಹಿಂದೆ ಸರಿದ ಮೇಷ್ಟ್ರು ಬಣ್ಣದ ಬಕೆಟ್ಟಿನ ಮೇಲೆ ಕೂತೇಬಿಟ್ಟರು.

ಕಲಿಸುವವರಲ್ಲಿ ಇದೊಂದು ವಿರಳ ಕುಲ. ಶಿಷ್ಯರ ಕೈ ಪಳಗಿದಷ್ಟೂ ಇವರ ಹೆಸರು ಊರವರ ಬಾಯಿಂದ ಜಾರಿಹೋಗುತ್ತದೆ. "ನೀವ್ಯಾರ್ರಿ?" ಎಂಬ ಮಾತು ಕಿವಿಗೆ ಬಿದ್ದಾಗ ಹಿಗ್ಗುವ ಎದೆ ಇದ್ದವರು ಮಾತ್ರ ಈ ಕಸುಬಿಗೆ ಇಳಿಯಬೇಕು.