ಎಡಕ್ಕೊಂದು ನೋಟ

ಉರಿಯುವ ದೀಪಕ್ಕೆ ರೇಷ್ಮೆ ವಸ್ತ್ರ ಹೊದಿಸಿ, ವಸ್ತ್ರ ಎಳೆದರೆ ದೀಪವೇ ಇಲ್ಲ! ಜಾದೂಗಾರನ ಹೊಟ್ಟೆ ತುಂಬಿಸುತ್ತಿದ್ದದ್ದು ಈ ಒಂದೇ ಆಟ. ಆ ವಸ್ತ್ರವನ್ನು ಒಗೆದು ಇಸ್ತ್ರಿ ಮಾಡುವವಳು ಅವನ ಹೆಂಡತಿ. ಬೆಳಕಿಗೆ ಹಿಡಿದು ಎಷ್ಟು ಸಲ ನೋಡಿದ್ದಳೋ, ಅದರಲ್ಲಿ ಒಂದು ತೂತಾದರೂ ಇದ್ದರೆ ಕೇಳಿ. ಮದುವೆಯಾದ ಹೊಸತರಲ್ಲೇ ಗಂಡ, "ವಸ್ತ್ರ ಹೊದಿಸಿದ ಮೇಲೆ ಮಾತ್ರ ಈ ಕಡೆ ನೋಡ್ಬೇಡ" ಎಂದಿದ್ದ. ಅಂದಿನಿಂದ ಅವಳು ರಂಗದ ಎಡಗಡೆ, ಪರದೆಯ ಮರೆಯಲ್ಲಿ, ಮುಂದಿನ ಆಟದ ಹಗ್ಗ ಹಿಡಿದು ನಿಂತು, ಆ ಹೊತ್ತಿಗೆ ಸರಿಯಾಗಿ ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ಚಪ್ಪಾಳೆ ಬಿದ್ದ ಮೇಲೆಯೇ ಮುಖ ಈಚೆಗೆ. ಕುತೂಹಲ ತಲೆ ತಿನ್ನುತ್ತಿತ್ತು. ಆದರೆ ಕೊಟ್ಟ ಮಾತು ಮಾತೇ.

ಅಂಥ ಗುಟ್ಟನ್ನು ಗಂಡ ತನ್ನ ತಮ್ಮನಿಗೆ ಹೇಳಿಕೊಟ್ಟಿದ್ದ. ವರ್ಷಗಟ್ಟಲೆ ಜೊತೆಗಿದ್ದ ಮೈದುನ ಈಗ ಬೇರೆಯಾಗಿದ್ದ; ಊರಿನ ಆಚೆ ತುದಿಯ ಸಭಾಂಗಣದಲ್ಲಿ ಅದೇ ದೀಪ, ಅದೇ ಮಾತು, ಅದೇ ಗತ್ತು. ಜನರೆಲ್ಲ ಅವನನ್ನೇ ಕರೆಯತೊಡಗಿದರು. "ಹೆಂಡ್ತಿಗೆ ಹೇಳದ್ದನ್ನ ತಮ್ಮನಿಗೆ ಹೇಳಿದ್ರಲ್ಲ, ಅನುಭವಿಸಿ" ಎಂದು ಅವಳು ಅಂದೇಬಿಟ್ಟಳು. ಅಂದ ಮೇಲೆ ಅವನ ಮುಖ ನೋಡಿ ಕರುಳು ಚುರುಕ್ಕೆಂದಿತು.

ತಮ್ಮನ ಮೇಲೆ ಕೇಸು ಹಾಕಲು ಗಂಡ ಗೊತ್ತುಮಾಡಿದ ಲಾಯರಮ್ಮ ಒಂದು ಸಂಜೆ ಅಣ್ಣನ ಆಟ ನೋಡಿದರು. ಮರುದಿನ ಗಂಡಹೆಂಡಿರನ್ನು ಕರೆದುಕೊಂಡು ತಮ್ಮನ ಆಟಕ್ಕೆ ಹೋದರು.

"ಗುಟ್ಟಿನ ಆಸೆ ಬಿಡಿ, ಅದನ್ನ ಕಾನೂನು ಕಾಯಲ್ಲ. ಆಟ ಕಟ್ಟಿದ ರೀತಿ ನಿಮ್ಮದಾದ್ರೆ ಅದನ್ನ ಕಾಯತ್ತೆ. ಆದ್ರೆ ಮಾತು, ನಡಿಗೆ ಎಲ್ಲಾ ಜಾದೂಗಾರರದೂ ಹೀಗೇ ಅಂತ ವಾದಿಸ್ತಾರೆ. ನಿಮ್ಮೊಬ್ಬರದೇ ಅನ್ನೋದು ಒಂದಾದ್ರೂ ಬೇಕು" ಎಂದರು.

ಹೆಂಡತಿ ಮೊದಲ ಸಲ ಆ ಆಟವನ್ನು ಎದುರಿನಿಂದ ನೋಡಿದಳು. ಮೈದುನ ವಸ್ತ್ರ ಹೊದಿಸಿದ. ಒಂದು ಗಳಿಗೆ ಸುಮ್ಮನೆ ನಿಂತ. ಎಡಕ್ಕೆ ಕತ್ತು ಹೊರಳಿಸಿ, ಖಾಲಿ ಪರದೆಯತ್ತ ನೋಡಿ ಅರ್ಧ ನಕ್ಕ. ಆಮೇಲೆ ವಸ್ತ್ರ ಎಳೆದ. ದೀಪವಿಲ್ಲ. ಅವಳು ಮೈಮರೆತು ಚಪ್ಪಾಳೆ ತಟ್ಟಿ, ಗಂಡನನ್ನು ಕಂಡು ಕೈ ಮಡಿಲಿಗಿಟ್ಟಳು.

ಆಟ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಿದ್ದ ಮೈದುನನನ್ನು ಲಾಯರಮ್ಮ ನೇರವಾಗಿ ಕೇಳಿದರು: "ಎಡಕ್ಕೆ ತಿರುಗಿ ಯಾಕೆ ನಗ್ತೀರಿ?"

ಅವನು ತಬ್ಬಿಬ್ಬಾದ. "ಯಾಕೋ ಗೊತ್ತಿಲ್ಲ ಮೇಡಂ. ಅಣ್ಣ ಒಂದು ಸಲವೂ ತಪ್ಪಿಸ್ತಿರ್ಲಿಲ್ಲ. ಬಿಟ್ರೆ ಎಲ್ಲಿ ಆಟ ಕೆಡತ್ತೋ ಅಂತ ಭಯ."

ಲಾಯರಮ್ಮ ಅಣ್ಣನ ಕಡೆ ತಿರುಗಿದರು. "ಗುಟ್ಟಿಗೆ ಆ ನೋಟ ಬೇಕೇ ಬೇಕಾ? ಹಾಗಿದ್ರೆ ಅದೂ ಗುಟ್ಟಿನ ಭಾಗವೇ, ನಮ್ಮ ಕೈ ಖಾಲಿ."

ಜಾದೂಗಾರ ಹೆಂಡತಿಯನ್ನು ಒಮ್ಮೆ, ನೆಲವನ್ನು ಒಮ್ಮೆ ನೋಡಿದ. "ಬೇಡ. ಅಷ್ಟೊತ್ತಿಗೆ ದೀಪ ಹೋಗಿ ಆಗಿರತ್ತೆ."

"ಮತ್ತೆ?"

"ಅಲ್ಲಿ ಇವಳಿರ್ತಾಳೆ."

ಹೆಂಡತಿಗೆ ಕೋಪವೂ ಬಂತು, ಕಣ್ಣೂ ತುಂಬಿತು. "ನಾನು ಗೋಡೆ ಕಡೆ ತಿರುಗಿರ್ತಿದ್ದೆನಲ್ರೀ! ಇಷ್ಟು ವರ್ಷ ನನ್ನ ಬೆನ್ನು ನೋಡಿ ನಗ್ತಿದ್ರಾ?"

"ನೋಡ್ಬೇಡ ಅಂದವನು ನಾನೇ. ಮನೇಲಿ ಒಬ್ಬರಾದ್ರೂ ಅದನ್ನ ಮಾಯ ಅಂತ ನಂಬಿರ್ಲಿ ಅಂತ ಆಸೆ. ಆಮೇಲೆ ನೋಡು ಅನ್ನೋದು ಹೇಗೆ?"

ಮೈದುನ ಬಣ್ಣ ಒರೆಸುತ್ತಿದ್ದ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡ. "ಅತ್ತಿಗೆಗೆ ಕೊಡೋ ನಗೂನ ನಾನು ಖಾಲಿ ಪರದೆಗೆ ಕೊಡ್ತಿದ್ನಲ್ಲ! ಕೇಸು ಬೇಡ ಅಣ್ಣಾ. ಈ ಆಟ ನಿಂದೇ. ನಾನು ಬೇರೆ ಕಟ್ಕೋತೀನಿ." ಲಾಯರಮ್ಮ ಬರೆದುಕೊಟ್ಟ ಒಪ್ಪಂದಕ್ಕೆ ಅಲ್ಲೇ ಸಹಿ ಹಾಕಿದ. ಲಾಯರಮ್ಮನಿಗೆ ಮಾತ್ರ ದೀಪ ಎಲ್ಲಿ ಹೋಯಿತೆಂಬ ಚಿಂತೆ ಉಳಿಯಿತು. ಕೇಳಿದರೆ ಅಣ್ಣತಮ್ಮಂದಿರಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು.

ಮುಂದಿನ ಆಟದ ದಿನ ಅವಳು ಹಗ್ಗ ಹಿಡಿದು ಅದೇ ಜಾಗದಲ್ಲಿ ನಿಂತಳು. ಗಂಡ ವಸ್ತ್ರ ಹೊದಿಸಿದ. ಅವಳು ಗೋಡೆಯತ್ತ ತಿರುಗಲಿಲ್ಲ. ಇಷ್ಟು ವರ್ಷದ ಗುಟ್ಟು ಈಗ ಮಾರು ದೂರದಲ್ಲಿತ್ತು. ಆದರೆ ಅವಳ ಕಣ್ಣು ಅವನ ಮುಖದ ಮೇಲಿತ್ತು, ಅವನ ಕೈ ಏನು ಮಾಡಿತೋ ದೇವರಿಗೇ ಗೊತ್ತು.

ಅವನು ಎಡಕ್ಕೆ ಹೊರಳಿ ನೋಡಿದ. ಅವಳು ನೋಡುತ್ತಿದ್ದಳು. ಅರ್ಧಕ್ಕೆ ನಿಲ್ಲಬೇಕಿದ್ದ ನಗು ಮುಖದ ತುಂಬ ಹರಡಿತು. ಅವನು ನಿಂತೇ ಇದ್ದ. ಸಭಾಂಗಣ ಕಾದಿತ್ತು.

"ರೀ," ಅವಳು ಪಿಸುಗುಟ್ಟಿದಳು, "ವಸ್ತ್ರ ಎಳೀರಿ."