ಅಂಗೈಯಗಲ ನೆರಳು

ಎಲೆಯ ಮೇಲೆ ಇವತ್ತೂ ಬಿಳಿ ಪುಡಿ, ಚಿನಕುರಳಿ ಕಡೆಯ ಕಲ್ಲುಕ್ವಾರಿಯದು, ಇಬ್ಬನಿಯ ಜೊತೆ ಇಳಿದು ಕೂತಿದೆ, ಒದ್ದೆ ಬಟ್ಟೆಯ ತುದಿಯಿಂದ ಒರೆಸಬೇಕು, ಬುಡದಿಂದ ತುದಿಗೆ, ಅವಸರ ಮಾಡದೆ, ಸುಕ್ಕುಸುಕ್ಕು ಎಲೆ, ಕರುವಿನ ನಾಲಿಗೆಯ ಹಾಗೆ ಒರಟು — ನಡುವೆ ಇದೇನು, ಅರಳಿಬಿಟ್ಟಿದೆ. ನಿನ್ನೆ ಸಂಜೆ ಮೊಗ್ಗಿನ ಬಾಯಲ್ಲಿ ಹಳದಿ ಗೆರೆಯಷ್ಟೇ ಇತ್ತು, ಈಗ ಐದು ದಳ, ನಡುವೆ ಅರಿಶಿನದ ಬೆರಳಿಟ್ಟ ಹಾಗೆ ಒಂದು ಗುರುತು. ಬಚ್ಚಲುಮನೆಯ ಹಿಂದೆ ಇನ್ನೂ ಮಬ್ಬು, ಫೋನಿನ ಬೆಳಕು ಹಾಕಿ ಫೋಟೋ ತೆಗೆದೆ, ಹೂವು ಸುಣ್ಣದ ಚುಕ್ಕಿಯಂತೆ ಬಿತ್ತು, ಹಳದಿಯೇ ಇಲ್ಲ, ಇದನ್ನು ಕಳಿಸಿದರೆ, ನರ್ಸರಿಯಲ್ಲಿ ಜೊತೆಗೆ ದುಡಿಯುತ್ತಿದ್ದ ಸುನಿತಕ್ಕ ನಗುತ್ತಾಳೆ, ಇದೇನಮ್ಮಿ ತುಂಬೆ ಹೂವಾ ಅಂತಾಳೆ, ಅಳಿಸಿಬಿಟ್ಟೆ. ಬಿಸಿಲು ಬರಲಿ. ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಗೋಡೆಯ ತಲೆಯ ಮೇಲಿಂದ ಬೆಳಕು ಇಳಿದಿರುತ್ತದೆ, ಆಗ ತೆಗೆಯುತ್ತೇನೆ, ಕಳಿಸುತ್ತೇನೆ, ಆಮೇಲೆ ಫೋನು. ಹೂ ಬುಟ್ಟ ದಿನ ನಂಗೆ ಫೋನ್ ಮಾಡ್ಬೇಕು ಕಣಮ್ಮಿ, ಊರು ಬಿಡುವಾಗ ಅಂದಿದ್ದಳಲ್ಲ. ಕಾರಣವಿಲ್ಲದೆ ಫೋನ್ ಮಾಡಿ ಏನು ಮಾತಾಡುವುದು, ಉಂಡ್ಯಾ ಅಂದರೆ ಉಂಡೆ, ಆಮೇಲೆ ಆ ಕಡೆ ಉಸಿರು, ಈ ಕಡೆ ಉಸಿರು. ಒಂಬತ್ತನೇ ಕ್ಲಾಸಿನಲ್ಲೂ ಅದೇ, ಎದ್ದು ನಿಂತೆ, ಉತ್ತರ ಗೊತ್ತಿತ್ತು, ಬಾಯಿ ಬರಲಿಲ್ಲ, ಹಿಂದಿನ ಬೆಂಚು ನಕ್ಕಿತು, ಮಾರನೆಯ ದಿನ ಹೊಟ್ಟೆನೋವು ಅಂದೆ, ಆ ಹೊಟ್ಟೆನೋವು ಮುಗಿಯಲೇ ಇಲ್ಲ. ಇವತ್ತು ಹಾಗಲ್ಲ. ಇವತ್ತು ಹೇಳುವುದಕ್ಕೆ ಒಂದು ಹೂವಿದೆ.

ಕ್ಯಾನಿನಲ್ಲಿ ಹಾಲು ಕುಲುಕುತ್ತದೆ, ರಸ್ತೆಯ ಮೇಲೆ ಮಂಜು, ಕೃಷ್ಣರಾಜಪೇಟೆಯ ಮೊದಲನೇ ಬಸ್ಸು ಲೈಟು ಹಾಕಿಕೊಂಡೇ ಹೋಯಿತು, ಅದೇ ಬಸ್ಸು, ಸಂಜೆ ನರ್ಸರಿಯಿಂದ ನಾನೂ ಸುನಿತಕ್ಕನೂ ಬರುತ್ತಿದ್ದುದು, ನಾನು ಚಿನಕುರಳಿಗೆ ಇಳಿದರೆ ಅವಳು ಮುಂದಕ್ಕೆ, ಹೊಸಹೊಳಲಿಗೆ. ನರ್ಸರಿ ಇದ್ದದ್ದು ಶ್ರೀರಂಗಪಟ್ಟಣದ ಹತ್ತಿರ, ನಾಲೆಯ ಪಕ್ಕ, ರಂಗಸ್ವಾಮಿಯವರದು, ಈಗಲೂ ಇದೆ, ನಾನು ಈಗಲೂ ಹೋಗುತ್ತೇನೆ, ಆದರೆ ನೆನೆಯುವಾಗ ಇತ್ತು ಅಂತಲೇ ಬರುತ್ತದೆ. ಹೋದ ಚಳಿಗಾಲ ಅವರು ಊಟಿಯಿಂದ ಎರಡು ಟ್ರೇ ಈ ಚಳಿಸೀಮೆಯ ಹೂಗಿಡ ತಂದರು, ಪ್ರಿಮುಲ ಅಂತ ಚೀಟಿ, ತಂದು ಗುಲಾಬಿಯ ಸಾಲಿನಲ್ಲಿ ಬಿಸಿಲಿಗಿಟ್ಟು ನೆತ್ತಿಯ ಮೇಲೇ ಪೈಪಿನ ನೀರು ಬಿಟ್ಟರು, ವಾರಕ್ಕೆ ಕೊಳೆತವು. ಊಟಿ ಗಿಡ ಊಟಿಗೇ ಸರಿ, ಬಿಸಾಕಮ್ಮಿ ಅತ್ಲಾಗೆ, ಅಂದರು. ತಿಪ್ಪೆಯ ಹತ್ತಿರ ಸುನಿತಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎತ್ತಿ ನೋಡಿದಳು, ನಾನು ಹೂವಿದ್ದದ್ದನ್ನು ಎತ್ತಿಕೊಂಡರೆ ಕೈಯಿಂದ ಕಿತ್ತು ಎಸೆದಳು — ಮುದ್ದಾಗಿರೋದ್ನ ಎತ್ಕಬ್ಯಾಡ, ಮೊಂಡಾಗಿರೋದ್ನ ಎತ್ಕೊ, ಹೂವ ನೋಡ್ಬ್ಯಾಡ, ಕತ್ತು ಮುಟ್ಟಿ ನೋಡು. ಎಲೆಗಳೆಲ್ಲ ಸೇರುವ ಜಾಗ, ಅದು ಕತ್ತು, ಹೆಬ್ಬೆರಳಿಟ್ಟರೆ ಮೆತ್ತಗಾದದ್ದು ಹೋಯಿತು, ಗಟ್ಟಿಯಿದ್ದದ್ದು ಬದುಕುತ್ತದೆ. ಅರವತ್ತರಲ್ಲಿ ಆರು ಸಿಕ್ಕವು. ಬಸ್ಸಿನಲ್ಲಿ ಕಿಟಕಿಯ ಬಿಸಿಲು ನೇರ ಅವುಗಳ ಮೇಲೆ, ಅವಳು ಅಂಗೈ ಅಡ್ಡ ಹಿಡಿದಳು, ಕೆಂಪು ಗಾಜಿನ ಬಳೆ ಮೊಣಕೈಗೆ ಜಾರಿತು, ಪಾಂಡವಪುರ ದಾಟಿದರೂ ಕೈ ಇಳಿಸಲಿಲ್ಲ, ನನ್ನ ತೊಡೆಯ ಮೇಲೆ ಗಿಡ, ಗಿಡದ ಮೇಲೆ ಅಂಗೈಯಗಲ ನೆರಳು. ಕೈ ನೋಯಲ್ವಾ ಅಕ್ಕ ಅಂದೆ. ನೋಯ್ತದೆ, ಅದ್ಕೇನೀಗ, ಅಂದಳು.

ಶಿವರಾತ್ರಿಯ ಹೊತ್ತಿಗೆ ಅವಳ ಗಂಡ ನಿಂಗರಾಜಣ್ಣನಿಗೆ ಊಟಿಯಲ್ಲೇ ಯಾವುದೋ ಬಂಗಲೆಯ ತೋಟದ ಕೆಲಸ ಸಿಕ್ಕಿತು, ನೋಡು, ಗಿಡ ಅಲ್ಲಿಂದ ಇಲ್ಲಿಗೆ, ನಾನು ಇಲ್ಲಿಂದ ಅಲ್ಲಿಗೆ, ಅಂತ ನಕ್ಕು ಹೊರಟಳು. ಮೊದಲು ಭಾನುವಾರಕ್ಕೊಂದು ಫೋನು, ಆಮೇಲೆ ಯುಗಾದಿಗೆ, ಆಮೇಲೆ ಗೌರಿಹಬ್ಬಕ್ಕೆ ಒಂದು ದೀಪದ ಚಿತ್ರ ಬಂತು, ಅದು ಎಲ್ಲರಿಗೂ ಕಳಿಸಿದ್ದಿರಬೇಕು. ಬೇಸಿಗೆಯಲ್ಲಿ ಮೂರು ಗಿಡ ಒಂದೇ ವಾರ ಹೋದವು, ಉಳಿದದ್ದನ್ನು ಬಚ್ಚಲುಮನೆಯ ಹಿಂದೆ ತಂದೆ, ಬೆಳಗಿನ ಎಳೆಬಿಸಿಲು ಬಿಟ್ಟರೆ ಬಿಸಿಲು ಬೀಳದ ಮೂಡಣ ಗೋಡೆ, ಕುಂಡವನ್ನು ದೊಡ್ಡ ಕುಂಡದೊಳಗಿಟ್ಟು ನಡುವೆ ಮರಳು ತುಂಬಿ ಮರಳಿಗೆ ಮಾತ್ರ ನೀರು, ಕತ್ತಿಗೆ ನೀರು ತಾಗಬಾರದು, ಕೊಳೆತ ಹೊಂಗೆಸೊಪ್ಪಿನ ಮಣ್ಣು, ಬುಡಕ್ಕೆ ಜಲ್ಲಿಚೂರು, ಸುತ್ತ ಒದ್ದೆ ಗೋಣಿ. ಆದರೂ ಮತ್ತೆರಡು ಹೋದವು. ಕೊನೆಯದು ಎಲೆಯೆಲ್ಲ ಕಳೆದುಕೊಂಡು ಕಡಲೆಕಾಳಿನಷ್ಟು ಹಸಿರಾಗಿ ಉಳಿಯಿತು, ಅಜ್ಜಿ ಬಗ್ಗಿ ನೋಡಿ, ಸತ್ತಿರೋದ್ಕೆ ಬಾಣಂತನ ಮಾಡ್ತಾವ್ಳೆ ನೋಡು, ಅಂತ ಆಡಿಕೊಂಡಳು. ಹೆಬ್ಬೆರಳಿಟ್ಟು ನೋಡಿದೆ, ಕತ್ತು ಗಟ್ಟಿಯಿತ್ತು. ನಡುಮಧ್ಯಾಹ್ನ ಗೋಡೆಯ ನೆರಳು ಸಣ್ಣಗಾದಾಗ ನಾನೇ ಕೂತು ಅಂಗೈ ಹಿಡಿಯುತ್ತಿದ್ದೆ, ಭಾನುವಾರಗಳಲ್ಲಿ, ಫೋನು ಪಕ್ಕದಲ್ಲಿಟ್ಟುಕೊಂಡು. ಕೈ ನೋಯುತ್ತದೆ, ಅದಕ್ಕೇನೀಗ.

ಡೈರಿಯಲ್ಲಿ ಚಿಕ್ಕಸ್ವಾಮಿ ಹಾಲು ಅಳೆಯುತ್ತಾ, ಏನಮ್ಮಿ ರಂಜಿತ, ಒಬ್ಬೊಬ್ಳೆ ನಗ್ತಿದ್ದೀಯ, ಅಂದ, ನಕ್ಕಿದ್ದೆನೇನೋ, ತಲೆ ತಗ್ಗಿಸಿದೆ. ವಾಪಸು ಬರುವಾಗ ಮಾತು ಜೋಡಿಸುತ್ತೇನೆ, ಅಕ್ಕ, ಒಂದು ವಿಷಯ ಐತೆ, ಬೇಡ, ಅಕ್ಕ, ಹೂ ಬಿಡ್ತು, ಇಷ್ಟೇ ಸಾಕು, ಆಮೇಲೆ ಅವಳೇ ಮಾತಾಡುತ್ತಾಳೆ, ಅವಳು ಮಾತಾಡುವುದಕ್ಕೆ ಶುರು ಮಾಡಿದರೆ ನಾನು ಕೇಳಿದರಾಯಿತು. ಮಂಜು ಕರಗಿದೆ, ಗೋಡೆಯ ಮೇಲಿಂದ ಬೆಳಕು ಇಳಿದಿದೆ, ನಾನಂದುಕೊಂಡಷ್ಟೇ ಇಳಿದಿದೆ, ಎಲೆಗಳು ಹೊಳೆಯುತ್ತಿವೆ, ನಡುವೆ ಒಂದು ತೊಟ್ಟು, ನೆಟ್ಟಗೆ, ತುದಿಯಲ್ಲಿ ಒಂದು ಹನಿ. ಹೂವಿಲ್ಲ. ಕೆಳಗೆ ನೋಡಿದೆ, ಕುಂಡದ ಹಿಂದೆ ನೋಡಿದೆ, ಕೋಳಿಯೇನಾದರೂ — ಇಲ್ಲ, ಉಗುರಿನಲ್ಲಿ ಚಿವುಟಿದ ಗುರುತು. ಒಳಗಿಂದ ಸಾಂಬ್ರಾಣಿ ವಾಸನೆ. ಧನುರ್ಮಾಸ. ಹೊಸ ಗಿಡದ ಮೊದಲ ಹೂವು ದೇವರದು, ನಮ್ಮ ಮನೆಯಲ್ಲಿ ದಾಸವಾಳಕ್ಕೂ ಅದೇ, ಕನಕಾಂಬರಕ್ಕೂ ಅದೇ, ಹುಟ್ಟಿದಾಗಿಂದ ನೋಡಿದ್ದೇನೆ, ನಾನೇ ಕಿತ್ತುಕೊಟ್ಟಿದ್ದೇನೆ, ಇದಕ್ಕೂ ಅದೇ ಅಂತ ಮಾತ್ರ ಹೊಳೆಯಲಿಲ್ಲ. ಕುಳ್ಳಮ್ಮಜ್ಜಿ ಬಾಗಿಲಲ್ಲಿ, ಹಣೆಯ ಮೇಲೆ ಹಸಿ ಕುಂಕುಮ, ಮುಖದ ತುಂಬ ಸಂತೋಷ, ನಿನ್ ಹೆಸರಲ್ಲೇ ಮುಡಿಸಿವ್ನಿ ಕಣವ್ವ, ವರ್ಷೊಂಬತ್ಕಾಲ ಕಷ್ಟಪಟ್ಟು ಸಾಕಿದ್ದೀಯ, ಈ ಸಲ ನಿಂಗೂ ಒಂದು ಒಳ್ಳೇದಾಗ್ಲಿ ಅಂತ ಕೇಳ್ಕೊಂಡೆ. ಮನೆದೇವರ ಪಟದ ಚೌಕಟ್ಟಿಗೆ ಸಿಕ್ಕಿಸಿದ್ದಾಳೆ, ದೀಪದ ಝಳಕ್ಕೆ ದಳಗಳು ಆಗಲೇ ಮಡಿಚಿಕೊಂಡಿವೆ, ಮೇಲೆ ಒಂದು ಚಿಟಿಕೆ ಕುಂಕುಮ. ಚೆನ್ನಾಗೈತೆ ಅಜ್ಜಿ, ಅಂದೆ.

ಮತ್ತೆ ಕುಂಡದ ಮುಂದೆ. ಇನ್ನೊಂದು ಮೊಗ್ಗಿಲ್ಲ, ಎಲೆಗಳನ್ನು ಸರಿಸಿ ಹುಡುಕಿದೆ. ಹೂವು ಬಿಟ್ಟಿತ್ತಲ್ಲ, ಬಿಟ್ಟಿದ್ದು ಸುಳ್ಳಲ್ಲವಲ್ಲ, ಫೋಟೋ ಇಲ್ಲದಿದ್ದರೇನು, ಹೇಳಿದರೆ ನಂಬುತ್ತಾಳೆ, ಕಾರಣ ಇದೆ, ಇನ್ನೂ ಇದೆ, ಇವತ್ತಿನ ಮಟ್ಟಿಗೆ ಇದೆ, ಒತ್ತಿಬಿಟ್ಟೆ, ರಿಂಗಾಗುತ್ತಿದೆ, ಅಲ್ಲಿ ಚಳಿ ಇರಬೇಕು, ಕೈ ಒದ್ದೆ ಇರಬೇಕು, ಎತ್ತಿದಳು. ಅವಳದೇ ದನಿ. ಹಲೋ, ಯಾರು? ಯಾರು ಮಾತಾಡೋದು? ಫೋನು ಬದಲಾಯಿಸಿರಬೇಕು, ನಂಬರುಗಳೆಲ್ಲ ಹೋಗಿರಬೇಕು, ಹಾಗಾಗುತ್ತದೆ, ಎಲ್ಲರಿಗೂ ಆಗುತ್ತದೆ, ನಾನು ರಂಜಿ ಅಂದರೆ ಆಯಿತು, ಎರಡೇ ಅಕ್ಷರ, ಉತ್ತರ ಗೊತ್ತಿದೆ, ಎದ್ದು ನಿಂತಿದ್ದೇನೆ — ಯಾರೋ ಗೊತ್ತಿಲ್ಲ ಕಣ್ರೀ, ಅಂತ ಅವಳು ಆ ಕಡೆ ಯಾರಿಗೋ ಹೇಳಿದ್ದು ಕೇಳಿಸಿತು, ಬಳೆ ಸದ್ದೂ ಕೇಳಿಸಿತು, ಆಮೇಲೆ ಫೋನು ಕಟ್ಟಾಯಿತು. ಬಿಸಿಲು ಗೋಡೆಯಿಂದ ಇಳಿದು ತೊಟ್ಟಿನ ತುದಿಗೆ ಬಂದಿದೆ, ಹನಿ ಆರುತ್ತಿದೆ, ಬಸ್ಸಿನ ಕಿಟಕಿ, ಕೆಂಪು ಬಳೆ, ಮೊಣಕೈಗೆ ಜಾರಿದ ಕೆಂಪು ಬಳೆ, ಕೈ ಚಾಚಿದೆ, ತೊಟ್ಟಿನ ಮೇಲೆ ಅಂಗೈಯಗಲ ನೆರಳು, ಅಂಗೈಯಗಲ,