ರಸ್ತೆಯ ಆ ಬದಿ

ಅಲ್ಲ, ಸರ್ಕಾರ ಒಂದೇ ಅಂದಮೇಲೆ ಈ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಯಾಕೆ? ರಸ್ತೆಯ ಆ ಬದಿಯ ಶಾಲೆಯಲ್ಲಿ ಪಾಠಕ್ಕೊಬ್ಬರು ಮೇಷ್ಟ್ರು, ಕೋಣೆ ತುಂಬ ಪುಸ್ತಕ. ಈ ಬದಿಯದರಲ್ಲಿ ಸೋರುವ ಸೂರು, ಮೂರು ತರಗತಿಗೂ ಒಬ್ಬರೇ ಟೀಚರ್. ಮನೆ ಯಾವ ಬದಿಗೋ ಮಗು ಆ ಬದಿಯ ಶಾಲೆಗೇ ಹೋಗಬೇಕಂತೆ.

ಇಸ್ತ್ರಿ ಅಂಗಡಿಯವಳ ಮನೆ ಈ ಬದಿ, ಅವಳ ಅತ್ತೆಯ ಕೋಣೆ ಆ ಬದಿ. ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ. ಮಗ ಬೇರೆ ಮನೆ ಮಾಡಿದಾಗಿನಿಂದ ಮಾತೇ ಇಲ್ಲ. ಆದರೂ ಗಂಡನ ಕೈಲಿ ಕೇಳಿಸಿ, ಮಗಳು ಪುಟ್ಟಿಯನ್ನು ಅಜ್ಜಿಯ ವಿಳಾಸದಲ್ಲಿ ಒಳ್ಳೆಯ ಶಾಲೆಗೆ ಸೇರಿಸಿದಳು. ಮುದುಕಿ ಬೇಡ ಅನ್ನಲಿಲ್ಲ. ನೋಡಿದವರು ನಂಬಲಿ ಅಂತ ತಾನೇ ಒಂದು ಪುಟಾಣಿ ಹಲ್ಲುಜ್ಜುವ ಬ್ರಷ್ ತಂದು ಕಿಟಕಿಯಲ್ಲಿಟ್ಟಳು.

ಒಂದು ಬೆಳಗ್ಗೆ ಶಾಲೆಯ ಕಡೆಯಿಂದ ತಪಾಸಣೆಯವನು ಬಂದ. ಬ್ರಷ್ಷನ್ನು ಬೆರಳಲ್ಲಿ ಸವರಿ ನೋಡಿದ, ಒಣಗಿ ಗರಿಗರಿ. ಅಜ್ಜಿಗೆ ಸುಳ್ಳು ಬಾಯಿಗೆ ಬರಲಿಲ್ಲ. ಪಾಪ, ಅವನೂ ಕೆಟ್ಟವನಲ್ಲ. ಮಗು ಮಲಗುವ ಮನೆಯೇ ಅದರ ಮನೆ, ಮತ್ತೆ ಬಂದಾಗಲೂ ಹೀಗೇ ಇದ್ದರೆ ಹೆಸರು ತೆಗೆಯಬೇಕಾಗುತ್ತದೆ ಅಂತ ತಗ್ಗಿದ ದನಿಯಲ್ಲಿ ಹೇಳಿ ಹೋದ.

ಸುಳ್ಳನ್ನೇ ನಿಜ ಮಾಡದೆ ದಾರಿಯಿರಲಿಲ್ಲ. ಅತ್ತೆಯ ಕೋಣೆಯಲ್ಲಿ ಹಿಡಿಸುವುದು ಒಂದೇ ಮಂಚ. ಇವಳಿಗೋ ಬೆಳಗಾದರೆ ಅಂಗಡಿ, ಜೊತೆಗೆ ಮಡಿಲಲ್ಲೊಂದು ಕೂಸು. ಸಂಜೆ ಕೂಸನ್ನು ಗಂಡನ ಕೈಗೆ ಕೊಟ್ಟು, ಮಗಳ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟಿದಳು. ಪುಟ್ಟಿ ಹೊಸ ಬ್ಯಾಗಿನ ಜಿಪ್ಪು ಎಳೆಯುತ್ತಾ ಮುಂದೆ ಮುಂದೆ ಕುಣಿಯುತ್ತಿದ್ದಳು.

ಬಾಗಿಲಲ್ಲೇ ನಿಂತು ಹೇಳಬೇಕಾದ್ದೆಲ್ಲ ಹೇಳಿದಳು: ಹಾಲಿಗೆ ಸಕ್ಕರೆ ಜಾಸ್ತಿ ಬೇಡ, ದೀಪ ಪೂರ್ತಿ ಆರಿಸಿದರೆ ಹೆದರುತ್ತಾಳೆ. ಇಷ್ಟು ವರ್ಷದಲ್ಲಿ ಅತ್ತೆಯೊಡನೆ ಅವಳಾಡಿದ ಮಾತೇ ಅಷ್ಟು. ಕೊನೆಯದೊಂದು ಉಳಿದಿತ್ತು; ದಿಂಬಿನ ಅಂಚು ಮಡಿಸುತ್ತಾ ನಿಂತಳು.

"ಇನ್ನೇನಮ್ಮಾ?" ಅಂದಳು ಅತ್ತೆ.

"ನನ್ನ ಕಿವಿ ಹಿಡ್ಕೊಂಡೇ ನಿದ್ದೆ ಮಾಡೋದು ಅತ್ತೆ, ಹುಟ್ಟಿದಾಗಿನಿಂದ."

ಅತ್ತೆಯ ಓಲೆ ಮನೆಮಂದಿಗೆಲ್ಲ ಗೊತ್ತಿದ್ದದ್ದೇ. ಮದುವೆಗೆ ಹಾಕಿದ್ದು, ಜ್ವರ ಬಂದು ಮಲಗಿದಾಗಲೂ ಬಿಚ್ಚಿದವಳಲ್ಲ; ಪ್ರಾಣ ಹೋದಮೇಲೆ ನೀವೇ ತೆಗೀರಿ ಅನ್ನುತ್ತಿದ್ದವಳು. ಈಗ ಎರಡೂ ಕೈ ಕಿವಿಗೆ ಒಯ್ದು, ಬೆರಳಲ್ಲಿ ತಿರುಪು ಹುಡುಕುತ್ತಾ ಕೇಳಿದಳು:

"ಎಡಗಿವಿನೋ, ಬಲಗಿವಿನೋ?"

ಬಲಗಿವಿ ಅಂತ ಹೇಳಲು ಹೋಗಿ ಸೊಸೆ ಬಿಕ್ಕಿದಳು. ಆಮೇಲೆ ಹತ್ತಿರ ಬಂದು, ಬಿಗಿದುಹೋಗಿದ್ದ ಆ ತಿರುಪನ್ನು ತಾನೇ ಮೆಲ್ಲಗೆ ಬಿಚ್ಚಿದಳು.